ಭಾನುವಾರದ ತೀರ್ಪುಗಾರ್ತಿ

ಅಮ್ಮನ ಸಿಟ್ಟು ಡಬ್ಬಿಗಳ ಮುಚ್ಚಳದಲ್ಲಿ ಇರುತ್ತಿತ್ತು. ಅವಳು ಯಾರ ಮೇಲೂ ದನಿ ಎತ್ತಿದವಳಲ್ಲ. ಆದರೆ ಮನಸ್ಸಿಗೆ ಬೇಸರವಾದ ದಿನ ಸಾಸಿವೆ, ಜೀರಿಗೆ, ಮೆಂತ್ಯ, ಬೆಲ್ಲ, ಎಲ್ಲ ಡಬ್ಬಿಗಳ ಮುಚ್ಚಳವನ್ನೂ ಎಷ್ಟು ಬಿಗಿಯಾಗಿ ತಿರುಗಿಸಿ ಇಡುತ್ತಿದ್ದಳೆಂದರೆ, ಆಮೇಲೆ ಅಡುಗೆಮನೆಗೆ ಬಂದ ಚಿಕ್ಕಮ್ಮ, ಒಗ್ಗರಣೆಯ ಎಣ್ಣೆ ಕಾದು ಹೊಗೆಯಾಡುತ್ತಿರುವಾಗ, ಸಾಸಿವೆ ಡಬ್ಬಿಯನ್ನು ವೇಲಿನ ತುದಿಯಲ್ಲಿ ಹಿಡಿದು ಹೊಟ್ಟೆಗೆ ಒತ್ತಿಕೊಂಡು ಹಲ್ಲು ಕಚ್ಚಿ ತಿರುಗಿಸಬೇಕಾಗುತ್ತಿತ್ತು. ಚಿಕ್ಕಮ್ಮನ ಸಿಟ್ಟು ಇಂಗ್ಲಿಷಿನಲ್ಲಿತ್ತು. ‘ವಿತ್ ಡ್ಯೂ ರೆಸ್ಪೆಕ್ಟ್ ಅಕ್ಕಾ’ ಎಂದು ಅವಳು ಶುರುಮಾಡಿದಳೆಂದರೆ, ಆ ಮಧ್ಯಾಹ್ನ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಊಟಕ್ಕೆ ಕೂರುತ್ತಾರೆಂದೇ ಅರ್ಥ. ನಾನು ಊಟದ ಮೇಜಿನ ಮೇಲೆ ಹೋಂವರ್ಕ್ ಹರಡಿಕೊಂಡು, ಒಂದು ಕಿವಿಯನ್ನು ಅಡುಗೆಮನೆಗೆ ಕೊಟ್ಟು ಕೂತಿರುತ್ತಿದ್ದೆ. ಈಗಲೂ ಯಾರ ಮನೆಗೆ ಹೋದರೂ ನನ್ನ ಕಿವಿ ಮೊದಲು ಒಲೆಯ ಕಡೆಗೇ ಹೋಗುತ್ತದೆ. ಅಲ್ಲಿ ಪಾತ್ರೆಗಳು ಮೆತ್ತಗೆ ಸದ್ದು ಮಾಡುತ್ತಿದ್ದರೆ ಕುರ್ಚಿಗೆ ಒರಗಿ ಕೂರುತ್ತೇನೆ. ಇಲ್ಲದಿದ್ದರೆ ತುದಿಯಲ್ಲಿ ಕೂತು, ಕಾಫಿ ಬೇಗ ಕುಡಿದು ಮುಗಿಸುತ್ತೇನೆ.

ಪರದೇಶದಲ್ಲಿ, ಟೋವಾ ಪಾಯೋ ಬಡಾವಣೆಯ ಆ ಫ್ಲಾಟಿನಲ್ಲಿ ನಾವು ಎರಡು ಸಂಸಾರದವರಿದ್ದೆವು. ಒಂದು ಕೋಣೆಯಲ್ಲಿ ಅಪ್ಪ, ಅಮ್ಮ, ನಾನು. ಇನ್ನೊಂದರಲ್ಲಿ ಅಪ್ಪನ ತಮ್ಮ ಮೋಹನ ಚಿಕ್ಕಪ್ಪ ಮತ್ತು ಅವನ ಹೆಂಡತಿ ಶೈಲಾ ಚಿಕ್ಕಮ್ಮ. ಮೂರನೆಯ ಪುಟ್ಟ ಕೋಣೆಯಲ್ಲಿ ಸೂಟ್‌ಕೇಸುಗಳು, ಅಕ್ಕಿ ಮೂಟೆ ಮತ್ತು ದೇವರು. ಅಪ್ಪನಿಗೆ ಚಾಂಗಿ ಕಡೆ ವಿಮಾನ ರಿಪೇರಿ ಮಾಡುವ ಶೆಡ್ಡಿನಲ್ಲಿ ಶಿಫ್ಟ್ ಕೆಲಸ. ಎಷ್ಟು ಸೋಪು ಹಾಕಿ ತೊಳೆದರೂ ಅವನ ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಗೆರೆ ಉಳಿದೇ ಇರುತ್ತಿತ್ತು. ಚಿಕ್ಕಪ್ಪ ಕಂಪ್ಯೂಟರ್ ಕೆಲಸದವನು, ಮನೆಗೆ ಬಂದ ಮೇಲೆ ತಮಾಷೆಯೊಂದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಚಿಕ್ಕಮ್ಮ ಮೈಸೂರಿನಲ್ಲಿ ಲಾ ಓದಿ, ಒಬ್ಬ ಸೀನಿಯರ್ ವಕೀಲರ ಹತ್ತಿರ ಕೆಲವು ಕಾಲ ಕೋರ್ಟಿಗೆ ಹೋಗಿ ಬಂದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ಸನ್ನದು ಇಲ್ಲಿ ನಡೆಯುವುದಿಲ್ಲ ಎಂದು ಗೊತ್ತಾಗಿ, ಸುಮ್ಮನೆ ಬೀನ್ಸ್ ಹೆಚ್ಚುತ್ತ ಕೂತಿದ್ದಳು. ಅವಳು ಬೀನ್ಸ್ ಹೆಚ್ಚುವುದನ್ನು ನೋಡಬೇಕಿತ್ತು. ಎಲ್ಲ ತುಂಡುಗಳೂ ಒಂದೇ ಅಳತೆ, ಅಳತೆ ತಪ್ಪಿದ ತುದಿಗಳೆಲ್ಲ ಪಕ್ಕಕ್ಕೆ. ಅಮ್ಮ ಅದನ್ನು ನೋಡಿ ನನ್ನ ಕಿವಿಯಲ್ಲಿ, ‘ಅವಳು ಹೆಚ್ಚಿ ಮುಗಿಸೋ ಹೊತ್ತಿಗೆ ಬೇಳೆ ಬೆಂದು, ಆರಿ, ಮತ್ತೆ ಬೇಳೆ ಆಗಿರುತ್ತೆ’ ಎನ್ನುತ್ತಿದ್ದಳು.

ಆ ಮನೆಯಲ್ಲಿ ನಿಜವಾಗಿ ಹಂಚಿಕೊಳ್ಳಲು ಕಷ್ಟವಾದದ್ದು ಬಿಸಿಲು. ಅಡುಗೆಮನೆಯ ಕಿಟಕಿಯಾಚೆ ಬಟ್ಟೆ ಒಣಹಾಕುವ ಬಿದಿರು ಗಳುಗಳನ್ನು ಸಿಕ್ಕಿಸಲು ಗೋಡೆಗೆ ಕಬ್ಬಿಣದ ಕೊಳವೆಗಳಿದ್ದವು. ಆ ಗೋಡೆಗೆ ಬೆಳಗಿನ ಬಿಸಿಲು ಮಾತ್ರ ಬೀಳುತ್ತಿತ್ತು. ಮಧ್ಯಾಹ್ನವಾದರೆ ನಮ್ಮದೇ ಬ್ಲಾಕಿನ ನೆರಳು, ಇಲ್ಲವೇ ಮಳೆ. ಅಮ್ಮ ಬೆಳಗಾಗುವ ಮೊದಲೇ ಎದ್ದು ಬಟ್ಟೆ ಒಗೆದು ಎಲ್ಲ ಗಳುಗಳನ್ನೂ ತುಂಬಿಸಿಬಿಡುತ್ತಿದ್ದಳು. ಚಿಕ್ಕಮ್ಮ ಎದ್ದು ಬರುವಷ್ಟರಲ್ಲಿ ಅಪ್ಪನ ಕಾರ್ಖಾನೆಯ ನೀಲಿ ಅಂಗಿಗಳು ಅವಳಿಗೆ ಕೈ ಬೀಸುತ್ತಿರುತ್ತಿದ್ದವು. ಒಂದು ದಿನ ಚಿಕ್ಕಮ್ಮ ಏನೂ ಹೇಳದೆ ಎರಡು ಗಳುಗಳನ್ನು ಒಳಗೆ ಎಳೆದು, ನಮ್ಮ ಹಸಿ ಬಟ್ಟೆಗಳನ್ನು ಮಡಿಚಿ (ಹಸಿ ಬಟ್ಟೆಯನ್ನು ಮಡಿಚುವವರನ್ನು ನಾನು ಅವತ್ತೇ ಮೊದಲು ನೋಡಿದ್ದು) ಕುರ್ಚಿಯ ಮೇಲೆ ಇಟ್ಟು, ತನ್ನವನ್ನು ಹಾಕಿದಳು. ಆ ವಾರವೆಲ್ಲ ಒಂದು ಡಬ್ಬಿಯೂ ಸುಲಭವಾಗಿ ತೆರೆಯಲಿಲ್ಲ. ಭಾನುವಾರ ಬೆಳಿಗ್ಗೆ ದೋಸೆಯ ತಟ್ಟೆ ಮುಂದಿಟ್ಟುಕೊಂಡು ಎಲ್ಲರೂ ಕೂತಿದ್ದಾಗ ಚಿಕ್ಕಪ್ಪ ಚಟ್ನಿ ಬಟ್ಟಲನ್ನು ಚಮಚದಿಂದ ಬಡಿದ.

‘ಆರ್ಡರ್ ಆರ್ಡರ್. ಅಣ್ಣಾ, ನಾವಿಬ್ರೂ ತೀರ್ಮಾನ ಮಾಡಿದ್ರೆ ನಾವು ಮನೇಲಿ ಇರಕ್ಕಾಗಲ್ಲ. ಮೇಘೂನ ಕೂರ್ಸೋಣ. ಅವಳು ಇಬ್ಬರಿಗೂ ಬೇಕಾದವಳು.’

‘ಅವಳಿಗೇನು ಗೊತ್ತಾಗುತ್ತೋ?’ ಅಂದ ಅಪ್ಪ.

‘ನಮಗೇನು ಗೊತ್ತಾಗಿದೆ?’

ನನ್ನನ್ನು ಫ್ಯಾನಿನ ಕೆಳಗಿನ ಅಪ್ಪನ ಕುರ್ಚಿಯಲ್ಲಿ ಕೂರಿಸಿದರು. ನನಗಾಗ ಹತ್ತು ವರ್ಷ, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ತಮಾಷೆಯೆಂದು ಶುರುವಾದದ್ದಕ್ಕೆ ಚಿಕ್ಕಮ್ಮ ಕೂಡಲೇ ನಿಯಮ ಹಾಕಿದಳು. ಅವಳ ಬೆನ್ನು ನೆಟ್ಟಗಾದದ್ದನ್ನು ನಾನು ಗಮನಿಸಿದೆ. ಕುರ್ಚಿಯಲ್ಲಿ ಕೂತವರು ಮೊದಲು ಇಬ್ಬರನ್ನೂ ‘ನಿಮಗೇನು ಬೇಕು’ ಎಂದು ಕೇಳಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ತೀರ್ಪು ಏನೇ ಬಂದರೂ ಪಾಲಿಸುತ್ತೇವೆಂದು ಮೊದಲೇ ಒಪ್ಪಿಕೊಳ್ಳಬೇಕು. ಮುಂದಿನ ಭಾನುವಾರದ ತನಕ ಮತ್ತೆ ಆ ಮಾತು ಎತ್ತಬಾರದು. ನಾನು ಅಮ್ಮನನ್ನು ಕೇಳಿದೆ, ಚಿಕ್ಕಮ್ಮನನ್ನು ಕೇಳಿದೆ. ಆಮೇಲೆ ದೋಸೆ ಅಗಿಯುತ್ತ ಯೋಚಿಸಿ, ನನ್ನ ಸ್ಕೂಲ್ ಯೂನಿಫಾರ್ಮಿಗೆ ಒಂದು ಗಳು, ಉಳಿದದ್ದರಲ್ಲಿ ಇಬ್ಬರಿಗೂ ಸಮಪಾಲು ಎಂದೆ. ಅಮ್ಮ ಸರಿ ಎಂದಳು. ಚಿಕ್ಕಮ್ಮ ನಗು ತಡೆದುಕೊಂಡು ಸರಿ ಎಂದಳು. ಅವತ್ತು ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತರು.

ಮಾರನೆಯ ದಿನ ಸ್ಕೂಲಿಗೆ ಹೋಗುವ ದಾರಿಯಲ್ಲಿ ಚಿಕ್ಕಮ್ಮ ಆ ನಗುವಿನ ಕಾರಣ ಹೇಳಿದಳು. ಕಾನ್ವೆಂಟಿಗೆ ನನ್ನನ್ನು ಬಿಟ್ಟು ಕರೆತರುವುದು ಅವಳ ಕೆಲಸವಾಗಿತ್ತು. ಮಳೆ ಬಂದರೂ ನೆನೆಯದಂತೆ ಮೇಲೆ ಮಾಡು ಹಾಕಿದ ಕಾಲುದಾರಿಯಲ್ಲಿ ನಾವಿಬ್ಬರೂ ಕೈ ಹಿಡಿದು ನಡೆಯುತ್ತಿದ್ದೆವು. ಅವಳ ಕೈಗೆ ಯಾವಾಗಲೂ ಕರಿಬೇವಿನ ಮತ್ತು ಹ್ಯಾಂಡ್ ಕ್ರೀಮಿನ ವಾಸನೆ ಸೇರಿ ಬರುತ್ತಿತ್ತು.

‘ಲಾರ್ಡಮ್ಮ, ತೀರ್ಪು ಚೆನ್ನಾಗಿತ್ತು. ಆದ್ರೆ ಒಂದು ಗಳು ನಿಮಗೇ ಇಟ್ಕೊಂಡ್ರಲ್ಲ?’

‘ಯೂನಿಫಾರ್ಮ್ ಒಣಗದಿದ್ರೆ ಸಿಸ್ಟರ್ ಬಯ್ತಾರೆ ಲಾ,’ ಎಂದೆ, ಅಲ್ಲಿನ ಹುಡುಗಿಯರ ಹಾಗೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ.

‘ಒಣಗಬೇಕು ಕಣೇ, ಸರಿ. ಆದ್ರೆ ನಿನ್ನ ಬಟ್ಟೆ ಇರೋ ಕೇಸಲ್ಲಿ ನೀನು ಕುರ್ಚೀಲಿ ಕೂರಬಾರದು. ಎದ್ದು, ನನಗೂ ಇದರಲ್ಲಿ ಬೇಕು, ನಾನು ಕೂರಲ್ಲ ಅಂತ ಹೇಳಿಬಿಡಬೇಕು. ಅದಕ್ಕೆ ರೆಕ್ಯೂಸ್ ಅಂತಾರೆ.’

ಅದು ನಾನು ಕಲಿತ ಮೊದಲ ಪದ. ಆಮೇಲೆ ಪ್ರತಿ ದಿನ ಒಂದಲ್ಲ ಒಂದು ಬರುತ್ತಿತ್ತು. ನಮ್ಮ ಸ್ಕೂಲಿನಲ್ಲಿ ನೆಟ್‌ಬಾಲ್ ಆಡಿಸುವ ಮಿಸ್ ಅಂಪೈರ್, ಬಾಸ್ಕೆಟ್‌ಬಾಲ್ ಆಡಿಸುವ ಸರ್ ರೆಫರಿ, ಹಾಡಿನ ಸ್ಪರ್ಧೆಗೆ ಬಂದ ಬಿಳಿ ಕೂದಲಿನ ಹೆಂಗಸು ಅಡ್ಜುಡಿಕೇಟರ್. ಮೂವರೂ ಮಾಡುವುದು ಒಂದೇ ಕೆಲಸ ಎಂದು ನನಗೆ ಕಾಣುತ್ತಿತ್ತು, ಹೆಸರು ಯಾಕೆ ಬೇರೆ ಎಂದು ಕೇಳಿದರೆ ಚಿಕ್ಕಮ್ಮ, ‘ಆಟಕ್ಕೆ ಕಾರಣ ಕೇಳಬೇಡ, ಮೊದಲು ಆಡಿದೋರು ಇಟ್ಟ ಹೆಸರು. ನಮ್ಮ ಕಡೆ ಬಾ’ ಎನ್ನುತ್ತಿದ್ದಳು. ಅವಳ ಕಡೆಯ ಪದಗಳಿಗೆ ಅವಳು ಮನೆಯ ಸಾಮಾನುಗಳಿಂದಲೇ ಅರ್ಥ ಹೇಳುತ್ತಿದ್ದಳು. ಜಡ್ಜ್ ಅಂದರೆ ಸರಕಾರ ಕೂರಿಸಿದವರು. ನೀನು ಒಪ್ಪು, ಬಿಡು, ಅವರ ಮುಂದೆ ನಿಲ್ಲಲೇಬೇಕು. ಆರ್ಬಿಟ್ರೇಟರ್ ಹಾಗಲ್ಲ. ಜಗಳ ಆಡುವ ಇಬ್ಬರೂ ಸೇರಿ, ‘ಇವರು ಹೇಳಿದ್ದನ್ನು ಕೇಳೋಣ’ ಎಂದು ತಾವೇ ಆರಿಸಿ ಕೂರಿಸಿಕೊಂಡವರು. ಒಮ್ಮೆ ಕೂರಿಸಿದ ಮೇಲೆ ಅವರ ಮಾತು ಕಹಿಯಾದರೂ ನುಂಗಬೇಕು. ‘ಅತ್ತಿಗೆ-ನಾದಿನಿ ಇಬ್ಬರೂ ಒಪ್ಪಿ ಒಬ್ಬರ ಹತ್ರ ಉಪ್ಪು ನೋಡ್ಸಿದ ಹಾಗೆ’ ಎಂದಳು. ಮೀಡಿಯೇಟರ್ ಎಂದರೆ ತೀರ್ಪೇ ಕೊಡದವರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಕೇಳುವ ಹಾಗೆ ಮಾಡಿ, ಬಾಗಿಲು ತೆರೆದಿಟ್ಟು ಪಕ್ಕದಲ್ಲಿ ನಿಂತವರು. ಜಡ್ಜ್ ಕೊಡುವುದು ಜಡ್ಜ್‌ಮೆಂಟ್, ಜ್ಯೂರಿ ಹೇಳುವುದು ವರ್ಡಿಕ್ಟ್, ಆರ್ಬಿಟ್ರೇಟರ್ ಕೊಡುವುದಕ್ಕೆ ಅವಾರ್ಡ್ ಎನ್ನುತ್ತಾರೆ. ಸೋತವನಿಗೂ ಅವಾರ್ಡಾ ಎಂದು ನಾನು ಕೇಳಿದಾಗ ಅವಳು ದಾರಿಯಲ್ಲೇ ನಿಂತು ನಕ್ಕಳು. ಕನ್ನಡದಲ್ಲಿ ಇದಕ್ಕೆಲ್ಲ ಏನಂತಾರೆ ಎಂದು ಅಮ್ಮನನ್ನು ಕೇಳಿದರೆ ಅವಳು ಹಿಟ್ಟು ನಾದುತ್ತ, ‘ಮಧ್ಯಸ್ಥರು ಅಂತಾರೆ. ಎರಡೂ ಕಡೆಯಿಂದ ಬೈಸಿಕೊಳ್ಳೋರು’ ಎಂದಳು.

ಅಮ್ಮ ಹೇಳಿದ ಅರ್ಥ ನನಗೆ ಬೇಗ ಅನುಭವಕ್ಕೆ ಬಂತು. ಭಾನುವಾರದ ಕುರ್ಚಿ ಮನೆಗೆ ಒಗ್ಗಿಹೋಯಿತು. ಹಾಲಿನ ಏಸಿ ಎಷ್ಟಕ್ಕೆ ಇಡಬೇಕು, ಫ್ರಿಜ್ಜಿನ ಮೇಲಿನ ತಟ್ಟೆ ಯಾರದು, ಮುದ್ದೆಯೋ ಚಪಾತಿಯೋ, ಶನಿವಾರ ಟೆಕ್ಕಾ ಮಾರ್ಕೆಟ್ಟಿಗೆ ಯಾರು ಹೋಗಬೇಕು, ಎಲ್ಲ ನನ್ನ ಮುಂದೆ ಬಂತು. ದೊಡ್ಡವರಿಗೆ ಅದರಿಂದ ಸುಖವಾಯಿತು. ಅಪ್ಪ ಶಿಫ್ಟ್ ಮುಗಿಸಿ ಬಂದು ಯಾರ ಮುಖವನ್ನೂ ಓದುವ ಕಷ್ಟವಿಲ್ಲದೆ ಮಲಗುತ್ತಿದ್ದ. ಆದರೆ ತೀರ್ಪು ಭಾನುವಾರವಾದರೂ ಅಹವಾಲು ವಾರವೆಲ್ಲ ನಡೆಯುತ್ತಿತ್ತು. ಅಮ್ಮ ತಲೆಗೆ ಎಣ್ಣೆ ಹಚ್ಚುವಾಗ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡು, ತಪ್ಪಿಸಿಕೊಳ್ಳಲಾಗದಂತೆ, ‘ನೀನೇ ಹೇಳು ಮಗಳೇ, ಬೆಳಿಗ್ಗೆ ಎದ್ದು ಸಾಯೋಳು ನಾನು’ ಎಂದು ಶುರುಮಾಡುತ್ತಿದ್ದಳು. ಚಿಕ್ಕಮ್ಮ ಕಾಲುದಾರಿಯಲ್ಲಿ ನನ್ನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡು, ‘ನಾನು ಕೇಸಿನ ಬಗ್ಗೆ ಮಾತಾಡ್ತಿಲ್ಲ, ಹಾಗೆ ಸುಮ್ನೆ ಹೇಳ್ತಿದೀನಿ’ ಎನ್ನುತ್ತಿದ್ದಳು. ಇಬ್ಬರ ಮಾತೂ ಕೇಳಿದರೆ ಇಬ್ಬರೂ ಸರಿ. ಅದೇ ನನ್ನ ಕಷ್ಟವಾಗಿತ್ತು. ಶನಿವಾರ ಸಂಜೆಯಾಗುತ್ತಿದ್ದಂತೆ ನನಗೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಅಮ್ಮ ಓಮಿನ ಕಷಾಯ ಕುಡಿಸುತ್ತಿದ್ದಳು, ಮಾರ್ಕೆಟ್ಟಿನ ಹತ್ತಿರದ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಲ್ಲಿ ತಿಂದದ್ದೇ ಕಾರಣ ಎಂದು ಬೈಯುತ್ತಿದ್ದಳು. ಕ್ಲಾಸಿನಲ್ಲೂ ಹುಡುಗಿಯರು ಎರೇಸರಿನ ಜಗಳ, ಗುಂಪಿನ ಜಗಳವನ್ನು ನನ್ನ ಮುಂದೆ ತರುತ್ತಿದ್ದರು. ಮುಖ ನೋಡಿಯೇ ಜನಕ್ಕೆ ಗೊತ್ತಾಗುತ್ತದೆಯೋ ಏನೋ. ಇವಳು ಕೇಳಿಸಿಕೊಳ್ಳುತ್ತಾಳೆ, ಇವಳ ಮೇಲೆ ಇಡಬಹುದು ಎಂದು. ಇವತ್ತಿಗೂ ಅತ್ತೆ, ಗಂಡ, ಪಕ್ಕದ ಮನೆಯವರು, ಮಕ್ಕಳ ಸ್ಕೂಲ್ ಬಸ್ಸಿನ ತಾಯಂದಿರು, ಎಲ್ಲರೂ ‘ನೀವೇ ಹೇಳಿ’ ಎಂದೇ ಮಾತು ಶುರುಮಾಡುತ್ತಾರೆ. ಆ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಭುಜ ತಾನಾಗಿ ಇಳಿದುಹೋಗುತ್ತದೆ.

ಆ ವರ್ಷದ ಕೊನೆಯ ಹೊತ್ತಿಗೆ ಅಮ್ಮ ಮತ್ತೆ ಬಸುರಿಯಾದಳು. ಮೊದಲಿಗೆ ಸಂತೋಷ, ಆಮೇಲೆ ಒಂದು ದಿನ ಬಚ್ಚಲಲ್ಲಿ ರಕ್ತ ಕಂಡು ಗಾಬರಿ. ಹೆರಿಗೆಯವರೆಗೆ ಎದ್ದು ಓಡಾಡಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಹಾಲಿನ ಸೋಫಾ ಅಮ್ಮನ ಹಾಸಿಗೆಯಾಯಿತು. ಅವಳು ಎಡಗಡೆಗೆ ಹೊರಳಿ ಮಲಗಿ, ಫ್ಯಾನಿನ ರೆಕ್ಕೆಯ ಮೇಲಿನ ಧೂಳು ನೋಡುತ್ತ, ‘ಯಾರಾದ್ರೂ ಅದನ್ನ ಒರೆಸಿ’ ಎನ್ನುತ್ತಿದ್ದಳು. ಊರಿನಿಂದ ಬಂದು ನಿಲ್ಲುವವರು ಯಾರೂ ಇರಲಿಲ್ಲ. ಚಿಕ್ಕಮ್ಮ ಅಡುಗೆ, ಬಟ್ಟೆ, ಅಮ್ಮನ ಸ್ನಾನ, ನನ್ನ ಸ್ಕೂಲು ಎಲ್ಲವನ್ನೂ ತಲೆ ಮೇಲೆ ಹಾಕಿಕೊಂಡಳು. ಒಂದು ಮಾತಿಲ್ಲ, ಒಂದು ‘ಡ್ಯೂ ರೆಸ್ಪೆಕ್ಟ್’ ಇಲ್ಲ. ಬೀನ್ಸ್ ಕೂಡ ಬೇಗ ಹೆಚ್ಚಲು ಕಲಿತಳು. ಮಧ್ಯಾಹ್ನ ಅಮ್ಮನ ಕಾಲಿಗೆ ಎಣ್ಣೆ ನೀವುತ್ತ ಅವಳು ನನಗೆ ಸ್ಪೆಲಿಂಗ್ ಕೇಳುತ್ತಿದ್ದಳು. ಅಮ್ಮ ಅರ್ಧ ನಿದ್ದೆಯಲ್ಲಿ ನನಗಿಂತ ಮೊದಲು ತಪ್ಪು ಉತ್ತರ ಹೇಳಿ ನಗುತ್ತಿದ್ದಳು. ಭಾನುವಾರದ ಕುರ್ಚಿಗೆ ಕೇಸೇ ಬರುತ್ತಿರಲಿಲ್ಲ. ನನ್ನ ಹೊಟ್ಟೆನೋವು ಹೋಯಿತು. ಆ ಮನೆಯಲ್ಲಿ ನನಗೆ ಅತ್ಯಂತ ಇಷ್ಟವಾದ ದಿನಗಳು ಅವು.

ಆಗ ಆ ಫೋನ್ ಬಂತು. ದೊಡ್ಡ ದೊಡ್ಡ ಕಂಪನಿಗಳ ಜಗಳಗಳನ್ನು ಆರ್ಬಿಟ್ರೇಟರುಗಳ ಮುಂದೆ ನಡೆಸುವ ಒಂದು ಲಾಯರ್ ಆಫೀಸಿಗೆ ಚಿಕ್ಕಮ್ಮ ಯಾವಾಗಲೋ ಅರ್ಜಿ ಹಾಕಿದ್ದಳಂತೆ. ಕೇಸಿನ ಕಾಗದಗಳನ್ನು ಓದಿ ಜೋಡಿಸಿ ಸಿದ್ಧಪಡಿಸುವ ಕೆಲಸ. ವಕೀಲಳಾಗಿ ಅಲ್ಲ, ಆದರೂ ಅದೇ ಮಾತು, ಅದೇ ಪುಸ್ತಕ. ಇಲ್ಲಿ ಕೆಲಸ ಮಾಡಲು ಬೇಕಾದ ಪಾಸಿನ ವಿಷಯವೆಲ್ಲ ಅವರೇ ನೋಡಿಕೊಳ್ಳುತ್ತಾರೆ, ಆದರೆ ಮುಂದಿನ ತಿಂಗಳಿಂದಲೇ ಬರಬೇಕು, ಸೋಮವಾರ ಉತ್ತರ ಹೇಳಬೇಕು. ಇದು ನನಗೆ ಗೊತ್ತಾದದ್ದು ಅವಳು ಲಿಫ್ಟಿನ ಹತ್ತಿರ ನಿಂತು ಚಿಕ್ಕಪ್ಪನ ಜೊತೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಾಗ. ಆ ವಾರ ಯಾರೂ ನನ್ನ ಹತ್ತಿರ ಅಹವಾಲು ತರಲಿಲ್ಲ. ಅಮ್ಮ ಜಡೆ ಹಿಡಿದು ಏನೂ ಹೇಳಲಿಲ್ಲ. ಚಿಕ್ಕಮ್ಮ ದಾರಿಯಲ್ಲಿ ಹೊಸ ಪದ ಯಾವುದನ್ನೂ ಕೊಡಲಿಲ್ಲ, ಕೈ ಮಾತ್ರ ಸ್ವಲ್ಪ ಬಿಗಿಯಾಗಿ ಹಿಡಿದಿದ್ದಳು.

ಭಾನುವಾರ ಅಪ್ಪ ರಾತ್ರಿ ಶಿಫ್ಟ್ ಮುಗಿಸಿ ಬಂದವನು ಬಟ್ಟೆ ಬದಲಿಸದೆ ಮೇಜಿಗೆ ಬಂದು ಕೂತ. ಅಮ್ಮ ಸೋಫಾದಲ್ಲೇ ಇದ್ದಳು. ಚಿಕ್ಕಪ್ಪ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿ, ಚಟ್ನಿ ಬಟ್ಟಲು ಬಡಿದ. ಸದ್ದು ಜೋರಾಗಿ ಬರಲಿಲ್ಲ.

‘ಇವತ್ತಿನ ಕೇಸು, ಶೈಲಾ ವರ್ಸಸ್ ಈ ಮನೆ. ಶುರು ಮಾಡಿ ಲಾರ್ಡಮ್ಮ.’

‘ಮೇಘು, ನೋಡಮ್ಮ,’ ಎಂದ ಅಪ್ಪ, ದೋಸೆಯನ್ನು ಚಿಕ್ಕ ಚಿಕ್ಕ ತುಂಡು ಮಾಡುತ್ತ. ಒಂದನ್ನೂ ಬಾಯಿಗೆ ಹಾಕಲಿಲ್ಲ. ‘ಚಿಕ್ಕಮ್ಮಂಗೆ ಕೆಲಸಕ್ಕೆ ಕರೆದಿದಾರೆ. ಅಮ್ಮನ ಸ್ಥಿತಿ ನಿನಗೇ ಗೊತ್ತು. ಚಿಕ್ಕಮ್ಮ ಹೋಗಬೇಕಾ, ಇರಬೇಕಾ. ನೀನು ಏನು ಹೇಳಿದ್ರೂ ನಾವು ಯಾರೂ ಎದುರಾಡಲ್ಲ.’

ಮೂವರು ದೊಡ್ಡವರು ನನ್ನನ್ನು ನೋಡಿದರು. ಚಿಕ್ಕಮ್ಮ ಮಾತ್ರ ಮೇಜಿನ ಮೇಲಿನ ಸಕ್ಕರೆ ಕಾಳುಗಳನ್ನು ಬೆರಳ ತುದಿಯಿಂದ ಒಟ್ಟುಗೂಡಿಸುತ್ತಿದ್ದು, ಆಮೇಲೆ ಕಣ್ಣೆತ್ತಿದಳು. ನನಗೆ ಏನು ಬೇಕಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸ್ಕೂಲ್ ಗೇಟಿನಲ್ಲಿ ಅವಳು ನಿಂತಿರಬೇಕಿತ್ತು. ಮಧ್ಯಾಹ್ನ ಅಮ್ಮನ ಕಾಲ ಬಳಿ ಅವಳು ಕೂತಿರಬೇಕಿತ್ತು. ‘ಇರಬೇಕು’ ಎಂದು ಒಂದು ಮಾತು ಹೇಳಿದರೆ ಸಾಕು, ಅವಳು ಇರುತ್ತಿದ್ದಳು. ನಿಯಮ ಹಾಕಿದವಳೇ ಅವಳು. ಬಾಯಿ ತೆರೆದರೆ ಅದೇ ಬರುತ್ತದೆಂದು ಹೆದರಿ ನಾನು ಕುರ್ಚಿಯಿಂದ ಜಾರಿ ಇಳಿದೆ.

‘ನಾನು ರೆಕ್ಯೂಸ್ ಮಾಡ್ಕೋತೀನಿ.’

ಚಿಕ್ಕಪ್ಪ ನಕ್ಕ. ಮತ್ತೆ ಯಾರೂ ನಗದಿದ್ದುದರಿಂದ ನಿಲ್ಲಿಸಿದ. ‘ಯಾಕಮ್ಮ?’

‘ನಂಗೂ ಇದರಲ್ಲಿ ಬೇಕು. ಚಿಕ್ಕಮ್ಮ ಮನೇಲೇ ಇರಬೇಕು ಅಂತ ನಂಗೆ ಆಸೆ. ಕೂತ್ರೆ ಅದನ್ನೇ ಹೇಳ್ತೀನಿ. ಅದು ಫೇರ್ ಅಲ್ಲ ಲಾ.’

ಹೇಳುತ್ತಿದ್ದಂತೆ ಅಳು ಬಂತು. ಚಿಕ್ಕಮ್ಮ ನನ್ನನ್ನು ಹತ್ತಿರ ಎಳೆದುಕೊಂಡಳು. ಖಾಲಿ ಕುರ್ಚಿಯ ಮೇಲೆ ಫ್ಯಾನು ತಿರುಗುತ್ತಿತ್ತು. ಚಿಕ್ಕಪ್ಪ ಅದನ್ನು ನೋಡಿ, ‘ಅಣ್ಣಾ, ಹಾಗಾದ್ರೆ ನೀನೇ ಕೂತ್ಕೋ’ ಎಂದ.

‘ಬೇಡಪ್ಪ. ನನ್ನ ಹೆಂಡತಿ ಅಲ್ಲಿ ಮಲಗಿದಾಳೆ. ನಾನು ಏನಂತೀನಿ ಅಂತ ನಿನಗೆ ಗೊತ್ತಿಲ್ವಾ? ನೀನು ಕೂರು.’

‘ನಾನು ಕೂತು ಹೋಗು ಅಂದ್ರೆ ಹೆಂಡತಿ ಸೆರಗು ಹಿಡಿದ ಅಂತೀರಿ. ಇರು ಅಂದ್ರೆ ಇವಳು ರಾತ್ರಿಯೆಲ್ಲ ಇಂಗ್ಲಿಷ್ ಮಾತಾಡ್ತಾಳೆ.’

ಆಗ ಚಿಕ್ಕಮ್ಮ ಮೆಲ್ಲಗೆ, ಯಾರನ್ನೂ ನೋಡದೆ ಹೇಳಿದಳು. ‘ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲ. ಕುರ್ಚೀಲಿ ಯಾರು ಕೂರಬೇಕು ಅಂತ್ಲೇ ಆಗೋಯ್ತು.’

ಸೋಫಾದಿಂದ ಅಮ್ಮನ ದನಿ ಬಂತು. ‘ಶೈಲೂ, ಇಲ್ಲಿ ಬಾ.’

ಚಿಕ್ಕಮ್ಮ ಹೋಗಿ ಸೋಫಾದ ಪಕ್ಕ ನೆಲದ ಮೇಲೆ ಕೂತಳು. ನಾನೂ ಅವಳ ವೇಲು ಹಿಡಿದುಕೊಂಡೇ ಹೋದೆ. ಅಮ್ಮ ಮಲಗಿದಲ್ಲಿಂದಲೇ ಅವಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು. ಅವಳು ಚಿಕ್ಕಮ್ಮನನ್ನು ಮುಟ್ಟಿ ಮಾತಾಡಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

‘ನಾನು ಕೇಳ್ತೀನಿ. ನಿನಗೇನು ಬೇಕು?’

‘ಹೋಗಬೇಕು ಅಕ್ಕಾ.’

‘ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?’

‘ನೀವು ಹೀಗೆ ಮಲಗಿರೋವಾಗ ಹೇಗೆ ಹೇಳ್ಲಿ?’

‘ಕಾಲು ಆಡಿಸಬೇಡಿ ಅಂದಿದಾರೆ. ಕಿವಿ ಮುಚ್ಕೊಳಿ ಅಂದಿಲ್ಲ.’

ಚಿಕ್ಕಮ್ಮ ನಕ್ಕಳೋ ಅತ್ತಳೋ ತಿಳಿಯಲಿಲ್ಲ, ಮೂಗು ಒರೆಸಿಕೊಂಡಳು. ‘ನಿಮಗೇನು ಬೇಕು ಅಂತಾನೂ ಹೇಳಿ ಅಕ್ಕಾ.’

‘ನನಗಾ? ನೀನು ಇರಬೇಕು. ಅದನ್ನ ಯಾಕೆ ಸುಳ್ಳು ಹೇಳ್ಲಿ. ನಿನ್ನ ಹಾಗೆ ನೀರು ಹದ ಮಾಡಿ ತಲೆಗೆ ಹಾಕೋರು ಇಲ್ಲಿ ಯಾರಿದಾರೆ? ಆದ್ರೂ ಹೋಗು.’ 

ಅಮ್ಮ ಫ್ಯಾನಿನ ರೆಕ್ಕೆ ನೋಡಿದಳು, ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು.

‘ಮೇಘು ಇದಾಳಲ್ಲ. ಅನ್ನ ಇಡ್ತಾಳೆ. ಅಲ್ವೇನೇ ಮಗಳೇ?’

ನಾನು ‘ಹೂಂ’ ಎಂದೆ. ಅಪ್ಪ ದೋಸೆಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡ. ಚಿಕ್ಕಪ್ಪ ಕಾಫಿಗೆ ನೀರಿಡಲು ಎದ್ದ, ಅವನು ಒಲೆ ಹಚ್ಚುವುದನ್ನು ನೋಡಿದ್ದು ಅವತ್ತೇ ಮೊದಲು. ಮನೆಯೆಲ್ಲ ಒಮ್ಮೆ ಉಸಿರು ಬಿಟ್ಟ ಹಾಗಾಯಿತು. ಮಾರನೆಯ ದಿನ ಕಾಲುದಾರಿಯಲ್ಲಿ ನಾನು, ನಿನ್ನೆ ಆದದ್ದಕ್ಕೆ ಏನಂತಾರೆ ಎಂದು ಕೇಳಿದೆ. ಆರ್ಬಿಟ್ರೇಷನ್ ಅಲ್ಲ, ಮೀಡಿಯೇಷನ್ನೂ ಅಲ್ಲ. ಚಿಕ್ಕಮ್ಮ ಯೋಚಿಸಿ, ‘ಸೆಟಲ್‌ಮೆಂಟ್ ಅನ್ನಬಹುದು. ಎಲ್ಲರೂ ಒಂದಿಷ್ಟು ಬಿಟ್ಟುಕೊಟ್ಟು ರಾಜಿ ಆಗೋದು’ ಎಂದಳು. ಬಿಟ್ಟುಕೊಟ್ಟದ್ದು ಎಲ್ಲಿ ಹೋಗುತ್ತದೆ ಎಂದು ಕೇಳಲು ನನಗೆ ಹೊಳೆಯಲಿಲ್ಲ. ಮುಂದಿನ ತಿಂಗಳಿಂದ ಅದು ದಿನಾ ಸಿಂಕಿನಲ್ಲಿ ನನಗಾಗಿ ಕಾದಿರುತ್ತಿತ್ತು.

ಚಿಕ್ಕಮ್ಮ ಬೆಳಿಗ್ಗೆ ಹುಳಿ ಮಾಡಿಟ್ಟು, ಅಮ್ಮನಿಗೆ ಸ್ನಾನ ಮಾಡಿಸಿ, ನನ್ನನ್ನು ಸ್ಕೂಲಿಗೆ ಬಿಟ್ಟು, ಅಲ್ಲಿಂದ ಎಮ್‌ಆರ್‌ಟಿ ರೈಲು ಹಿಡಿಯುತ್ತಿದ್ದಳು. ಮಧ್ಯಾಹ್ನ ನಾನು ಅದೇ ದಾರಿಯಲ್ಲಿ ಒಬ್ಬಳೇ ವಾಪಸು ಬರುತ್ತಿದ್ದೆ. ಬೀಗ ತೆಗೆದು ಒಳಗೆ ಬಂದರೆ ಸೋಫಾದಿಂದ ಅಮ್ಮ, ‘ಬಂದ್ಯಾ? ಅಕ್ಕಿ ತೊಳಿ. ನೀರು ಬೆರಳಿನ ಮೊದಲನೇ ಗೆರೆವರೆಗೆ’ ಎನ್ನುತ್ತಿದ್ದಳು. ಕಸವನ್ನು ಕೆಳಗಿನ ತೊಟ್ಟಿಗೆ ಬೀಳಿಸುವ ಚೂಟಿಗೆ ಹಾಕುವುದು, ಬಟ್ಟೆ ಮಡಿಸುವುದು, ಅಮ್ಮನ ಲೋಟಕ್ಕೆ ಬಿಸಿನೀರು ಬಗ್ಗಿಸುವುದು, ಎಲ್ಲ ಅಮ್ಮನ ಮಾತು ಕೇಳಿಕೊಂಡು ನನ್ನ ಕೈಗಳು ಕಲಿತವು. ಬಿದಿರು ಗಳು ನನಗೆ ಎತ್ತಲು ಭಾರ, ಅದನ್ನು ಅಪ್ಪ ಬಂದು ಒಳಗೆ ಎಳೆಯುತ್ತಿದ್ದ. ಯಾರೂ ನನ್ನನ್ನು ಬೈದು ಮಾಡಿಸಲಿಲ್ಲ. ಪ್ರತಿಯೊಬ್ಬರೂ ಮಾತಿಗೊಮ್ಮೆ ನಮ್ಮ ಮೇಘು ಬಂಗಾರ ಎನ್ನುತ್ತಿದ್ದರು. ಆ ಬಂಗಾರದ ಮಾತು ಕೇಳಿದಾಗೆಲ್ಲ ನನಗೆ ಇನ್ನೊಂದು ಕೆಲಸ ಕಣ್ಣಿಗೆ ಬೀಳುತ್ತಿತ್ತು. ಭಾನುವಾರಗಳಲ್ಲಿ ಯಾರೂ ಬಟ್ಟಲು ಬಡಿಯಲಿಲ್ಲ, ಅಪ್ಪ ತನ್ನ ಕುರ್ಚಿಯಲ್ಲಿ ತಾನೇ ಕೂತ. ತಮ್ಮ ಆರೋಗ್ಯವಾಗಿ ಹುಟ್ಟಿದ. ಅಮ್ಮ ಎದ್ದು ಓಡಾಡಿದಳು. ಆದರೆ ಸೌಟು ನನ್ನ ಕೈಯಿಂದ ಪೂರ್ತಿ ವಾಪಸು ಹೋಗಲಿಲ್ಲ. ನಾನು ಮನೆ ನೋಡಿಕೊಳ್ಳುವವಳಾದದ್ದು ಮದುವೆಯಾದಾಗ ಎಂದು ಜನ ಅಂದುಕೊಂಡಿದ್ದಾರೆ. ಅದು ಆ ಸೋಫಾದ ಪಕ್ಕ ‘ಹೂಂ’ ಎಂದಾಗ ಆದದ್ದು. ಅದಕ್ಕಾಗಿ ನನಗೆ ಯಾರ ಮೇಲೂ ಸಿಟ್ಟಿಲ್ಲ. ಅಮ್ಮ ಮಾಡಿದ್ದು ಸರಿ, ಚಿಕ್ಕಮ್ಮ ಕೇಳಿದ್ದು ಸರಿ. ದಣಿವು ಮಾತ್ರ ಇದೆ, ಅದಕ್ಕೆ ಎದುರು ಪಕ್ಷವಿಲ್ಲ.

ಚಿಕ್ಕಮ್ಮ ಕೆಲಸಕ್ಕೆ ಸೇರಿದ ಮೊದಲ ದಿನಗಳ ಒಂದು ಸಂಜೆ ನೆನಪಿದೆ. ಅವಳು ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿದುಕೊಂಡು ಬಂದಿದ್ದಳು. ನಾನು ಸ್ಟೂಲಿನ ಮೇಲೆ ನಿಂತು ಪಾತ್ರೆ ತೊಳೆಯುತ್ತಿದ್ದೆ. ಅವಳು ಬ್ಯಾಗು ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ನಲ್ಲಿ ನಿಲ್ಲಿಸಿ, ನನ್ನ ಕೈಯನ್ನು ತನ್ನ ವೇಲಿನಲ್ಲಿ ಒರೆಸಿ, ಕರೆದುಕೊಂಡು ಹೋಗಿ ಕೋಣೆಯಲ್ಲಿ ಕೂರಿಸಿದಳು. ನನ್ನ ಬೆರಳುಗಳು ನೀರಿನಲ್ಲಿ ನೆನೆದು ಸುಕ್ಕಾಗಿದ್ದವು. ಅವಳು ಅವುಗಳಿಗೆ ಒಂದೊಂದಾಗಿ ಕ್ರೀಮ್ ಹಚ್ಚಿದಳು.

‘ಸಿಟ್ಟಾ?’

‘ಇಲ್ಲ. ಆಫೀಸಲ್ಲಿ ಏನು ಕೇಸು?’

‘ಹೆಸರು ಹೇಳಬಾರದು. ಒಂದು ಹಡಗು ಅಂದ್ಕೋ. ಅದರ ತುಂಬ ಈರುಳ್ಳಿ. ಬಂದರಿಗೆ ಬರೋಷ್ಟರಲ್ಲಿ ಎಲ್ಲಾ ಕೊಳೆತು ನೀರಾಗಿದೆ.’

‘ಅಯ್ಯೋ. ವಾಸನೆ!’

‘ಹೂಂ. ಕಳಿಸಿದೋನು ಹೇಳ್ತಾನೆ, ನಾನು ಒಳ್ಳೇದೇ ತುಂಬಿಸಿದ್ದೆ, ದಾರೀಲಿ ಗಾಳಿ ಆಡಿಸಿಲ್ಲ. ಹಡಗಿನೋನು ಹೇಳ್ತಾನೆ, ಇವನು ಹಸೀದು ತುಂಬಿಸಿದ್ದ, ನಾನೇನು ಮಾಡ್ಲಿ. ಕೊಂಡ್ಕೊಂಡೋನು ಮೂಗು ಮುಚ್ಕೊಂಡು ನಿಂತಿದಾನೆ.’

‘ಮೂರು ಜನಾನೂ ಸರಿ ಅನ್ಸತ್ತೆ ಚಿಕ್ಕಮ್ಮ.’

‘ಅದಕ್ಕೇ ಕಣೇ ಇಷ್ಟೊಂದು ಕಾಗದ.’

ಹಾಲಿನಲ್ಲಿ ಅಮ್ಮ ಹೊರಳಿ ಮಲಗಿದ ಸದ್ದಾಯಿತು. ನಾನು ಚಿಕ್ಕಮ್ಮನ ತೊಡೆಯ ಮೇಲೆ ತಲೆಯಿಟ್ಟೆ. ಅವಳ ಬಟ್ಟೆಯಲ್ಲಿ ಆಫೀಸಿನ ಏಸಿಯ ತಂಪು ಇನ್ನೂ ಉಳಿದಿತ್ತು. ಕೊನೆಗೆ ಆರ್ಬಿಟ್ರೇಟರ್ ಏನು ಹೇಳಿದರು ಎಂದು ಕೇಳಿದೆ. ಅವಳು ಹೇಳಿರಬೇಕು. ಅಷ್ಟರಲ್ಲಿ ನಾನು ನಿದ್ದೆ ಹೋಗಿದ್ದೆ.